ಕೊಡಪಾನ ಹಿಡಿದವರು ‘ಉದ್ರಿಕ್ತ ಗುಂಪು’ ಆದದ್ದು ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಮಂಗಳೂರು ಪುಟದಲ್ಲಿ ‘ನೀರಿಗಾಗಿ ಕಚೇರಿಗೆ ನುಗ್ಗಿದ ಉದ್ರಿಕ್ತ ಗುಂಪು’ ಎಂಬ ಸುದ್ದಿ ಓದಿದೆ. ಆ ಗುಂಪಿನಲ್ಲಿ ನಾನೂ ಇದ್ದೆ. ನನಗೆ 67 ವರ್ಷ, ಎರಡೂ ಮೊಣಕಾಲು ನೋವು. ನುಗ್ಗುವ ಮಾತು ಹಾಗಿರಲಿ, ಆ ಕಚೇರಿಯ ಮೂರು ಮೆಟ್ಟಿಲು ಹತ್ತಲಿಕ್ಕೇ ಪಕ್ಕದ ಮನೆಯ ಬಾಯಮ್ಮ ಕೈ ಹಿಡಿಯಬೇಕಾಯಿತು. ಐದು ದಿನದಿಂದ ನಳ್ಳಿಯಲ್ಲಿ ನೀರಿರಲಿಲ್ಲ, ಖಾಲಿ ಕೊಡಪಾನ ಹಿಡಿದುಕೊಂಡು ಹೋಗಿದ್ದೆವು. ಬೀಡಿ ಕಟ್ಟುವವರು, ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ರಾತ್ರಿ ಪಾಳಿ ಮುಗಿಸಿ ಹಾಗೇ ಬಂದ ಒಬ್ಬಳು ನರ್ಸ್. ಒಂಬತ್ತೂವರೆಯ ಬಸ್ಸು ಬಂದದ್ದೇ ಉದ್ರಿಕ್ತರಲ್ಲಿ ಅರ್ಧ ಜನ ಕೊಡಪಾನ ನಮ್ಮ ಕಾಲಬುಡದಲ್ಲಿಟ್ಟು ಕೆಲಸಕ್ಕೆ ಹೋದರು.

ವರದಿಗಾರರನ್ನು ಬೈಯಲು ಬರೆಯುತ್ತಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಯುರೋಪಿನ ಇತಿಹಾಸದ ಕಪಾಟಿನ ಧೂಳು ಹೊಡೆಯುತ್ತಲೇ ನಿವೃತ್ತಳಾದವಳು ನಾನು. ಜನ ಸೇರಿದ ಕೂಡಲೇ ಅವರಿಗೆ ಬುದ್ಧಿ ಕೆಟ್ಟಿತು ಎನ್ನುವ ಈ ನೋಟ ಅಲ್ಲಿ ಬಹಳ ಹಳೆಯದು. ಫ್ರಾನ್ಸಿನ ಕ್ರಾಂತಿಯನ್ನು ಹಳಿಯುತ್ತ 1790ರಲ್ಲಿ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ ಸಾಮಾನ್ಯರನ್ನು ಹಂದಿಗಳ ಹಿಂಡು ಎಂಬರ್ಥದಲ್ಲಿ ಕರೆದ. 1871ರ ಪ್ಯಾರಿಸ್ ದಂಗೆಯನ್ನು ಕಣ್ಣಾರೆ ಕಂಡು ಹೆದರಿದ್ದ ಫ್ರೆಂಚ್ ಲೇಖಕ ಗುಸ್ತಾವ್ ಲ ಬೋನ್, ಎಂಥ ಓದಿದವನೂ ಗುಂಪಿಗೆ ಸೇರಿದರೆ ನಾಗರಿಕತೆಯ ಏಣಿಯಲ್ಲಿ ಹಲವು ಮೆಟ್ಟಿಲು ಕೆಳಗಿಳಿಯುತ್ತಾನೆ ಎಂದು 1895ರಲ್ಲಿ ಬರೆದ. ಗುಂಪಿನ ಸ್ವಭಾವ ಹೆಂಗಸರ ಹಾಗೆ ಎಂದೂ ಸೇರಿಸಿದ. ಹೆಂಗಸರೂ ಆಗಿ ಗುಂಪೂ ಆದ ನಮ್ಮ ಗತಿ ಏನು! ಈ ಲ ಬೋನ್‌ನನ್ನು ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಬಹಳ ಮೆಚ್ಚಿಕೊಂಡಿದ್ದ. ಹಿಟ್ಲರನ ಪಕ್ಷ 1934ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಡೆಸಿದ ಸಮಾವೇಶದ ಚಿತ್ರಗಳನ್ನು ನೋಡಿ: ಗೆರೆ ಹೊಡೆದಂತೆ ನಿಂತ ಸಾಲುಗಳು, ಮುಖ ಕಾಣುವುದು ಒಬ್ಬನದ್ದೇ.

ಎಡದವರು ಜನರನ್ನು ತಲೆಮೇಲೆ ಹೊತ್ತರು, ನಿಜ. ಆದರೆ ತಮಗೆ ಬೇಕಾದ ಜನರನ್ನು. ನೆಪೋಲಿಯನ್ನನ ತಮ್ಮನ ಮಗ ಲೂಯಿ ಬೊನಪಾರ್ಟೆಗೆ ವೋಟು ಹಾಕಿದ ಫ್ರಾನ್ಸಿನ ಸಣ್ಣ ರೈತರು 1852ರಲ್ಲಿ ಮಾರ್ಕ್ಸ್‌ನ ಕಣ್ಣಿಗೆ ಮೂಟೆಯೊಳಗಿನ ಬಟಾಟೆಗಳಂತೆ ಕಂಡರು.

ನನಗೆ ಮೆಚ್ಚಿಕೆಯಾದವರು ಇತಿಹಾಸಕಾರ ಜಾರ್ಜ್ ರೂಡೆ. ಹೊಗಳಲೂ ಹೋಗದೆ, ತೆಗಳಲೂ ಹೋಗದೆ, ಪೊಲೀಸ್ ದಾಖಲೆ, ಹಳೆಯ ಪಟ್ಟಿಗಳನ್ನು ಬಿಚ್ಚಿ, ಫ್ರಾನ್ಸಿನ ಕ್ರಾಂತಿಯಲ್ಲಿ ಬ್ಯಾಸ್ಟಿಲ್ ಕೋಟೆ ಹಿಡಿದವರು ಯಾರ್‍ಯಾರೆಂದು ಒಬ್ಬೊಬ್ಬರನ್ನೇ ನೋಡಿದರು. 1959ರಲ್ಲಿ ಅದು ಪುಸ್ತಕವಾಯಿತು. ಪಟ್ಟಿಯಲ್ಲಿ ಸಿಕ್ಕವರು ಬಡಗಿಗಳು, ಬೀಗ ಮಾಡುವವರು, ಚಪ್ಪಲಿ ಹೊಲಿಯುವವರು, ಸಣ್ಣ ಅಂಗಡಿಯವರು. ರೊಟ್ಟಿಯ ಬೆಲೆ ಕೈಗೆಟುಕದೆ ಹೋಗಿದ್ದ ದಿನಗಳು ಅವು.

ಇಷ್ಟು ದೂರ ಹೋಗುವುದೂ ಬೇಡ. 1837ರಲ್ಲಿ ಸುಳ್ಯ ಕಡೆಯ ರೈತರು ಕಂಪನಿಯ ವಿರುದ್ಧ ದಂಡುಕಟ್ಟಿ ಬಂದು ಮಂಗಳೂರನ್ನೇ ಹಿಡಿದಿದ್ದರು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದದ್ದು ಅವರ ಸಿಟ್ಟಿಗೆ ಒಂದು ಕಾರಣ. ಮುಂದಾಳುವಿನ ಹೆಸರು ಹಿಡಿದು ಊರಲ್ಲಿ ಅದಕ್ಕೆ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಉಪದ್ರ. ನನ್ನ ಅಜ್ಜಿ ಮಕ್ಕಳ ಗಲಾಟೆಗೂ ಅದೇ ಪದ ಹೇಳುತ್ತಿದ್ದರು. ಈಗ ಅದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಿಂದ ಆ ದಂಡಿನ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಬಂದ ಜನ ಅವರೇ.

ಅಂದ ಹಾಗೆ, ವರದಿಯಲ್ಲಿ ‘ಇನ್ನೂರಕ್ಕೂ ಹೆಚ್ಚು ಜನ’ ಎಂದಿದೆ. ಟ್ಯಾಂಕರ್ ಬಂದರೆ ಜಗಳ ಬೇಡವೆಂದು ಅಲ್ಲೇ ಕುಳಿತು ಸರದಿಯ ಚೀಟಿ ಬರೆದವಳು ನಾನು. ಬಸ್ಸು ಹತ್ತಿ ಹೋದವರೂ ಸೇರಿ 43 ಹೆಸರು, ಯಾರದು ಯಾವ ಮನೆ ಎಂಬುದೂ ಇದೆ. ಚೀಟಿ ನನ್ನ ಬಳಿಯೇ ಉಂಟು. ನಿಮ್ಮ ವರದಿಗಾರರು ಬಂದರೆ ತೋರಿಸುತ್ತೇನೆ.

– ನಿವೃತ್ತ ಗ್ರಂಥಪಾಲಕಿ, ಮಂಗಳೂರು