ಎಲೆ ಯಾವ್ದು ಅಂತ ಬರೀತೀರಿ, ಸಾಲ್ವೆಂಟ್ ಯಾವ್ದು ಅಂತನೂ ಬರೀರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಔಷಧಿ ಗಿಡಗಳ ಎಲೆ ಮೇಲೆ ನಡೆಯೋ ಸಂಶೋಧನೆ ಸುದ್ದಿಗಳನ್ನ ನಾನು ತಪ್ಪದೆ ಓದ್ತೀನಿ. ಎಲೆಯಲ್ಲಿ ಆಲ್ಕಲಾಯ್ಡ್, ಫ್ಲೇವನಾಯ್ಡ್ ಅನ್ನೋ ರಾಸಾಯನಿಕ ಅಂಶಗಳಿವೆ, ಬ್ಯಾಕ್ಟೀರಿಯಾ ಸಾಯುತ್ತೆ, ಕ್ಯಾನ್ಸರ್ ಕೋಶದ ಮೇಲೂ ಕೆಲಸ ಮಾಡುತ್ತೆ ಅಂತೆಲ್ಲ ಇರುತ್ತೆ, ಆದ್ರೆ ಆ ಎಲೆ ಸಾರನ ಯಾವ ಸಾಲ್ವೆಂಟಲ್ಲಿ, ಅಂದ್ರೆ ಅಂಶಗಳನ್ನ ಕರಗಿಸಿಕೊಳ್ಳೋ ಯಾವ ದ್ರವದಲ್ಲಿ ತೆಗೆದ್ರು, ನೀರಲ್ಲೋ ಮೆಥನಾಲಲ್ಲೋ ಹೆಕ್ಸೇನಲ್ಲೋ, ಅದು ಮಾತ್ರ ಇರಲ್ಲ. ಇಡೀ ಸುದ್ದಿ ನಿಂತಿರೋದೇ ಅದರ ಮೇಲೆ.

ಯಾಕಂದ್ರೆ ಒಂದೇ ಎಲೆಪುಡಿನ ಬೇರೆ ಬೇರೆ ಸಾಲ್ವೆಂಟಲ್ಲಿ ಹಾಕಿದ್ರೆ ಸಿಗೋದು ಬೇರೆ ಬೇರೆ ಸಾರ. ಹೆಕ್ಸೇನ್, ಪೆಟ್ರೋಲಿಯಂ ಈಥರ್ ಹಾಕಿದ್ರೆ ಮೇಣ, ಕೊಬ್ಬು, ಸ್ಟೆರಾಲ್ ಥರದ್ದು ಬರುತ್ತೆ. ಈಥೈಲ್ ಅಸಿಟೇಟಲ್ಲಿ ಎಣ್ಣೆ ಥರದ್ದಕ್ಕೂ ನೀರಿನ ಥರದ್ದಕ್ಕೂ ಮಧ್ಯದಲ್ಲಿರೋವು (ಮಧ್ಯಮ ಪೋಲಾರಿಟಿ), ಮೆಥನಾಲಲ್ಲಿ ಫೀನಾಲಿಕ್, ಫ್ಲೇವನಾಯ್ಡ್, ಟ್ಯಾನಿನ್ ಜೊತೆಗೆ ಇನ್ನೂ ಏನೇನೋ, ನೀರಲ್ಲಿ ಸಕ್ಕರೆ, ಪ್ರೋಟೀನ್, ಸಪೋನಿನ್. ಆಲ್ಕಲಾಯ್ಡ್ ಅಂತೂ ಉಪ್ಪಿನ ರೂಪದಲ್ಲಿದ್ರೆ ನೀರಿಗೆ ಬರುತ್ತೆ, ಅಮೋನಿಯಾ ಹಾಕಿ ಕ್ಷಾರ (ಬೇಸ್) ಮಾಡಿದ್ರೆ ಕ್ಲೋರೋಫಾರ್ಮಿಗೆ ಹೋಗುತ್ತೆ. ಹಾಗಾಗಿ "ಈ ಎಲೆಯಲ್ಲಿ ಅದು ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ, ಆ ಸಾಲ್ವೆಂಟಿಗೆ ಅದು ಬರ್ಲಿಲ್ಲ ಅಂತ ಮಾತ್ರ ತಿಳ್ಕೋಬೇಕು.

ಇದಕ್ಕೆ ಆರ್ಟೆಮಿಸಿನಿನ್ ಅನ್ನೋ ಮಲೇರಿಯಾ ಔಷಧಿಯ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಚೀನಾದ ವಿಜ್ಞಾನಿ ತು ಯುಯು ಅವರ ತಂಡಕ್ಕೆ ಮಲೇರಿಯಾ ವಿರುದ್ಧ ಆರ್ಟೆಮಿಸಿಯಾ ಆನ್ಯುವಾ ಅನ್ನೋ ಗಿಡದ ಸಾರ ಒಂದ್ಸಲ ಕೆಲಸ ಮಾಡೋದು ಇನ್ನೊಂದ್ಸಲ ಮಾಡ್ದೇ ಇರೋದು. ಆಮೇಲೆ 4ನೇ ಶತಮಾನದ ಗೆ ಹಾಂಗ್ ಬರೆದ ಹಳೇ ವೈದ್ಯಗ್ರಂಥದಲ್ಲಿ ಗಿಡನ ಕುದಿಸದೆ ನೀರಲ್ಲಿ ನೆನೆಸಿ ಹಿಂಡಿ ಕುಡೀರಿ ಅಂತ ಇರೋದು ಅವರ ಕಣ್ಣಿಗೆ ಬಿತ್ತು, ಬಿಸಿಗೆ ಅಂಶ ಹಾಳಾಗ್ತಿರಬಹುದು ಅಂತ ಹೊಳೀತು, ಸುಮಾರು 35 ಡಿಗ್ರಿಗೇ ಕುದಿಯೋ ಡೈಈಥೈಲ್ ಈಥರ್ ತಗೊಂಡು ಕಡಿಮೆ ಶಾಖದಲ್ಲಿ ಎಲೆ ಸಾರ ತೆಗೆದ್ರು. 1971ರಲ್ಲಿ ಸಿಕ್ಕ ಆ ಸಾರ ಇಲಿಗಳಲ್ಲಿ ಮಲೇರಿಯಾ ಪರಾವಲಂಬಿನ ಪೂರ್ತಿ ಹತೋಟಿಗೆ ತಂತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಗಿಡ ಬದಲಾಗ್ಲಿಲ್ಲ, ಸಾಲ್ವೆಂಟ್ ಮತ್ತೆ ಶಾಖ ಬದಲಾಯ್ತು ಅಷ್ಟೇ. ಹಾಗಂತ ಆ ಎಲೆ ಟೀ ಮಾಡಿ ಕುಡಿದ್ರೆ ಸಾಕು ಅನ್ನೋಕ್ಕಾಗಲ್ಲ, ಮಲೇರಿಯಾಗೆ ಗಿಡನ ನೇರವಾಗಿ ಬಳಸೋದನ್ನ ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸಲ್ಲ.

ನಮ್ಗೆ ಗೊತ್ತಿರೋ ನೆಲಬೇವೂ ಹೀಗೇನೆ. ಅದರ ಮುಖ್ಯ ಕಹಿ ಅಂಶ ಆಂಡ್ರೋಗ್ರಾಫೊಲೈಡ್ ನೀರಲ್ಲಿ ತುಂಬಾ ಕಮ್ಮಿ ಕರಗುತ್ತೆ, ಮೆಥನಾಲಲ್ಲಿ ಚೆನ್ನಾಗಿ ಕರಗುತ್ತೆ. ಮೆಥನಾಲ್ ಸಾರದ ಫಲಿತಾಂಶ ಓದಿದ ಜನ ಮನೇಲಿ ಮಾಡೋದು ಕಷಾಯ, ಎರಡೂ ಒಂದೇ ಅಂತ ಹೇಗೆ ಹೇಳೋದು?

ಇನ್ನು ಟೆಸ್ಟ್ ವಿಷ್ಯ. ಆಲ್ಕಲಾಯ್ಡ್ ಹುಡುಕೋ ಮೇಯರ್ ರೀಏಜೆಂಟಿಗೆ (ಪರೀಕ್ಷಾ ದ್ರವಕ್ಕೆ) ಕೆನೆ ಬಣ್ಣದ ಮಡ್ಡಿ ಬಂತು, ಅದೇ ಕೆಲಸದ ಡ್ರಾಗೆನ್‌ಡಾರ್ಫಿಗೆ ಕಿತ್ತಳೆ ಬಂತು, ಫೀನಾಲಿಕ್, ಟ್ಯಾನಿನ್ ಹುಡುಕೋಕೆ ಫೆರಿಕ್ ಕ್ಲೋರೈಡ್ ಹಾಕಿದ್ರೆ ಕಪ್ಪು ನೀಲಿ ಆಯ್ತು, ಸಪೋನಿನ್ ಇದೆಯಾ ಅಂತ ಅಲ್ಲಾಡಿಸಿದ್ರೆ ನೊರೆ ನಿಂತ್ಕೊಂತು, ಇವೆಲ್ಲ ಮೊದಲ ಸುಳಿವು ಮಾತ್ರ. ಪ್ರೋಟೀನೂ ಮೇಯರ್ ಟೆಸ್ಟಲ್ಲಿ ಮಡ್ಡಿ ಕೊಡಬಹುದು, ನೊರೆನೂ ಕೊಡಬಹುದು. ಎಲೆ ಅಂದ್ಮೇಲೆ ಕ್ಲೋರೋಫಿಲ್ ಹಸಿರು ಬೇರೆ, ಬಣ್ಣ ನೋಡಿ ತೀರ್ಮಾನ ಮಾಡೋದು ಇನ್ನೂ ಕಷ್ಟ. ಜಿಸಿ-ಎಂಎಸ್ ಅನ್ನೋ ಯಂತ್ರದ ಪರೀಕ್ಷೆ ಮಾಡಿಸಿದ್ರೂ ಆವಿ ಆಗೋ ಅಂಶಗಳಷ್ಟೇ ಕಾಣೋದು, ಹೆಸರು ಬರೋದು ಕಂಪ್ಯೂಟರಿನ ಲೈಬ್ರರಿ ಜೊತೆ ಹೋಲಿಸಿ. ಆ ಪಟ್ಟಿಯಲ್ಲಿ ಥಾಲೇಟ್ (ಪ್ಲಾಸ್ಟಿಕ್ ಮೆತ್ತಗಾಗಿಸೋ ರಾಸಾಯನಿಕ) ಇದ್ರೆ ಅದು ಬಹಳ ಸಲ ಪ್ಲಾಸ್ಟಿಕ್ ಬಾಟಲಿಂದ ಅಥವಾ ಸಾಲ್ವೆಂಟಿಂದಲೇ ಬಂದಿರುತ್ತೆ, ಗಿಡದ್ದಲ್ಲ. ಫೈಟಾಲ್ ಇದ್ರೆ ಹೆಚ್ಚು ಸಂಭ್ರಮ ಬೇಡ, ಅದು ಕ್ಲೋರೋಫಿಲ್ ಅಣುವಿನ ಬಾಲದ ಭಾಗ, ಹಸಿರೆಲೆ ಅಂದ್ರೆ ಅದು ಇದ್ದೇ ಇರುತ್ತೆ. ನಿಜವಾಗ್ಲೂ ಒಂದು ಅಂಶನ ಗುರುತಿಸಿದೀವಿ ಅನ್ನೋಕೆ ಅದನ್ನ ಬೇರ್ಪಡಿಸಿ, ಅಣುವಿನ ರಚನೆ ತೋರಿಸೋ ಎನ್‌ಎಂಆರ್ ತನಕ ಹೋಗ್ಬೇಕು, ಇಲ್ಲಾಂದ್ರೆ ಅದೇ ಅಂಶದ ಶುದ್ಧ ಮಾದರಿ (ಸ್ಟ್ಯಾಂಡರ್ಡ್) ಜೊತೆ ಹೋಲಿಸಿ ನೋಡ್ಬೇಕು.

ಬ್ಯಾಕ್ಟೀರಿಯಾ ಟೆಸ್ಟಲ್ಲೂ ಅಷ್ಟೇ, ಮೆಥನಾಲೇ ಬ್ಯಾಕ್ಟೀರಿಯಾನ ಕೊಲ್ಲಬಲ್ಲದು, ಹಾಗಾಗಿ ಸಾರ ಹಾಕಿದ ಡಿಸ್ಕ್ (ಕಾಗದದ ಬಿಲ್ಲೆ) ಪಕ್ಕದಲ್ಲಿ ಬರೀ ಸಾಲ್ವೆಂಟ್ ಹಾಕಿದ ಇನ್ನೊಂದು ಇರ್ಲೇಬೇಕು. ಜೊತೆಗೆ ಸಾಲ್ವೆಂಟ್ ಪೂರ್ತಿ ಆರಿಸದೆ ಉಳಿದ್ರೆ ಅದೇ ವಿಷ. ಔಷಧಿಗಳಿಗೆ ಇರೋ ಅಂತಾರಾಷ್ಟ್ರೀಯ ಮಾರ್ಗಸೂಚಿಲಿ ಮೆಥನಾಲಿಗೆ 3000 ಪಿಪಿಎಂ (ಹತ್ತು ಲಕ್ಷದಲ್ಲಿ 3000 ಭಾಗ), ಹೆಕ್ಸೇನಿಗೆ 290, ಕ್ಲೋರೋಫಾರ್ಮಿಗೆ ಬರೀ 60 ಮಿತಿ ಇಟ್ಟಿದಾರೆ.

ಹೀಗೆಲ್ಲ ಬರೀತಿರೋದು ಸಂಶೋಧನೆ ಬೇಡ ಅಂತಲ್ಲ ಸರ್, ಎಲೆ ಒಣಗಿಸಿ ಪುಡಿ ಮಾಡಿ ಒಂದಾದ್ಮೇಲೊಂದು ಸಾಲ್ವೆಂಟಲ್ಲಿ ಸಾರ ತೆಗೆಯೋ ವಿದ್ಯಾರ್ಥಿಗಳ ಶ್ರಮ ಸಣ್ಣದಲ್ಲ, ಆ ಶ್ರಮಕ್ಕೆ ಸರಿಯಾದ ಸುದ್ದಿ ಸಿಗ್ಲಿ ಅಂತ. ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ನಿಮ್ಮ ವರದಿಗಾರರು ಮೂರು ಪ್ರಶ್ನೆ ಕೇಳ್ಲಿ: ಯಾವ ಸಾಲ್ವೆಂಟು, ಅಂಶದ ಹೆಸರನ್ನ ಹೇಗೆ ಖಚಿತ ಮಾಡ್ಕೊಂಡ್ರಿ, ಪ್ರಯೋಗ ಟೆಸ್ಟ್ ಟ್ಯೂಬಲ್ಲೋ ಪ್ರಾಣಿ ಮೇಲೋ ಮನುಷ್ಯರ ಮೇಲೋ. ಉತ್ತರನ ಸುದ್ದಿಯ ಮೊದಲ ಪ್ಯಾರಾದಲ್ಲೇ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ