ದುಡ್ಡು ಕೊಡುವ ಮಾತು ಬೇಡ, ಊಟಕ್ಕೆ ಕೂತುಬಿಡು

ಪ್ರೀತಿಯ ಪುಟ್ಟ,

ನಿನ್ನ ಕಾಗದ ಬಂತು. ಕೆಲಸ ಬಿಟ್ಟಿದ್ದು, ಚಿಕ್ಕಪ್ಪನ ತೋಟದ ಮನೆಗೆ ಹೋಗಿದ್ದು ಎಲ್ಲ ಮನೆಯವರಿಗೆ ಗೊತ್ತಿರುವುದೇ, ಅದನ್ನು ಮತ್ತೆ ಕೆದಕುವುದಿಲ್ಲ. ನನಗೆ ಚುಚ್ಚಿದ್ದು ಕೊನೆಯ ಸಾಲು. "ಇಲ್ಲಿ ಪ್ರತಿ ತುತ್ತಿಗೂ ಸಂಕೋಚ ಆಗುತ್ತದೆ, ಯಾರಾದರೂ ಲೆಕ್ಕ ಹಾಕುತ್ತಿದ್ದಾರೇನೋ ಅನ್ನಿಸುತ್ತದೆ, ತಿಂಗಳಿಗೆ ಇಷ್ಟು ಅಂತ ಚಿಕ್ಕಮ್ಮನ ಕೈಗೆ ಕೊಟ್ಟುಬಿಡಲಾ?" ಅಂತ ಬರೆದಿದ್ದೀಯ. ಓದಿದಾಗಿನಿಂದ ಅದೇ ತಲೆಯಲ್ಲಿ ಓಡುತ್ತಿದೆ.

ಕೊಡಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಚನ್ನಗಿರಿ ಕಡೆ ತೋಟದ ಮನೆಗೆ ದುಡ್ಡು ಬರುವುದು ಅಡಿಕೆಯಿಂದ. ಅಡಿಕೆ ಸಾಲಿನ ನಡುವಿನ ಬಾಳೆ, ಬದುವಿನ ನುಗ್ಗೆ, ಹಿತ್ತಲ ಪಪ್ಪಾಯ, ಇವೆಲ್ಲ ಹೆಚ್ಚಾಗಿ ತಿನ್ನುವುದಕ್ಕೆ, ಹಂಚುವುದಕ್ಕೆ. ಒಂದು ಪುಟ್ಟಬಾಳೆ ಗೊನೆ ಹಣ್ಣಾಗಲು ಶುರುವಾಯಿತೋ, ನಾಲ್ಕೈದು ದಿನದಲ್ಲಿ ಇಡೀ ಗೊನೆ ಹಣ್ಣು. ಮನೆಯವರು ಎಷ್ಟು ಅಂತ ತಿಂದಾರು? ದಾರಿಯಲ್ಲಿ ಹೋಗುವವರನ್ನೂ ಕರೆದು ಕೊಡುತ್ತಾರೆ, ಆಮೇಲೂ ಉಳಿದದ್ದು ದನಕ್ಕೆ. ಅಂಥ ಮನೆಯಲ್ಲಿ ನೀನು ತಿಂದ ಹಣ್ಣಿಗೆ ಬೆಲೆ ಕಟ್ಟಿದರೆ ಚಿಕ್ಕಮ್ಮನಿಗೆ ಸಿಟ್ಟೇ ಬರುತ್ತದೆ.

ನಿನ್ನ ಸಂಕೋಚ ನನಗೆ ಹೊಸದಲ್ಲ. ನಮ್ಮದು ಜಗಳೂರು ಕಡೆಯ ಒಣ ಹೊಲ, ಮಳೆ ಕೈಕೊಟ್ಟ ವರ್ಷ ಬಿತ್ತಿದ ಶೇಂಗಾ ಬೀಜವೂ ವಾಪಸ್ ಬರುತ್ತಿರಲಿಲ್ಲ. ಅಂಥ ವರ್ಷಗಳಲ್ಲಿ ಅವ್ವ ನನ್ನನ್ನು ಸೂಳೆಕೆರೆ ಹತ್ತಿರದ ಮಾವನ ತೋಟಕ್ಕೆ ಕಳಿಸುತ್ತಿದ್ದಳು. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು, ಎರಡೂ ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ. ಹಾಗಾಗಿ ನಮಗೆ ಅದು ಜಿಲ್ಲೆ ದಾಟಿ ಹೋಗುವ ನೆಂಟಸ್ತನ. ಹೊರಡುವಾಗ ಅವ್ವನದು ಒಂದೇ ಮಾತು: "ಎರಡನೇ ಸಲ ಬಡಿಸಿಕೊಳ್ಳಬೇಡ." ಅವಳಿಗೆ ಮರ್ಯಾದೆಯ ಚಿಂತೆ. ನಾನು ಒಂದು ಮುದ್ದೆ ಉಂಡು ಅರ್ಧ ಹೊಟ್ಟೆಯಲ್ಲೇ ಏಳುತ್ತಿದ್ದೆ. ಅತ್ತೆ ಬಾಳೆದಿಂಡನ್ನು ಬಿಲ್ಲೆ ಬಿಲ್ಲೆ ಹೆಚ್ಚಿ, ಒಂದೊಂದು ಬಿಲ್ಲೆ ಹೆಚ್ಚಿದಾಗಲೂ ಬರುವ ನಾರನ್ನು ಬೆರಳಿಗೆ ಸುತ್ತಿ ಎಳೆದು, ಕಪ್ಪಾಗದ ಹಾಗೆ ಮಜ್ಜಿಗೆ ನೀರಲ್ಲಿ ಹಾಕಿಡುತ್ತಿದ್ದಳು. ಅರ್ಧ ಬೆಳಿಗ್ಗೆ ಅದರಲ್ಲೇ ಹೋಗುತ್ತಿತ್ತು. ಅಷ್ಟು ಮಾಡಿ ಪಲ್ಯ ಬಡಿಸಲು ಬಂದರೆ ನಾನು "ಸಾಕು" ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಅತ್ತೆ ಕೇಳಿದಳು: "ನಿನಗೆ ನನ್ನ ಕೈರುಚಿ ಸೇರುತ್ತಿರಲಿಲ್ಲ ಅಲ್ವಾ?" ಸುತ್ತ ಜನ ಇದ್ದರು, ಸುಮ್ನೆ ನಕ್ಕೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಹೋದಳು.

ಅದಕ್ಕೇ ನಿನ್ನ ಆ ಸಾಲು ಓದಿ ಕೈಕಾಲು ಆಡಲಿಲ್ಲ.

ಯಾರೂ ಲೆಕ್ಕ ಹಾಕುವುದಿಲ್ಲ ಅಂತ ನಿನಗೆ ಸುಳ್ಳು ಹೇಳಲಾರೆ. "ಇನ್ನೂ ಇಲ್ಲೇ ಇದ್ದೀಯಾ?" ಅಂತ ಕೇಳುವ ಒಬ್ಬರಾದರೂ ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಚಿಕ್ಕಪ್ಪ ಮುಖ ಗಂಟಿಕ್ಕಿಕೊಂಡು ಕೂತಿದ್ದರೆ ಅದನ್ನು ನಿನ್ನ ತಟ್ಟೆಗೆ ತಂದು ಹಚ್ಚಬೇಡ. ಅವನ ತಲೆಯಲ್ಲಿ ಬೋರ್‌ವೆಲ್ ಇರುತ್ತದೆ. 2024ರ ಬೇಸಿಗೆಯಲ್ಲಿ ಆ ಕಡೆ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡವರಲ್ಲಿ ಅವನೂ ಒಬ್ಬ, ಆ ಸಾಲ ಇನ್ನೂ ಇದೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಒಣಗಲು ಒಂದು ಬೇಸಿಗೆ ಸಾಕು. ಹಾಗಿರುವಾಗ ನೀನು ಎಷ್ಟು ಮುದ್ದೆ ಉಂಡೆ ಅಂತ ಅವನು ಎಣಿಸುತ್ತಾ ಕೂರುತ್ತಾನಾ?

ಸುಮ್ಮನೆ ಕೂತು ಉಣ್ಣಲು ಮನಸ್ಸು ಒಪ್ಪದಿದ್ದರೆ (ನಿನಗೆ ಹೇಳಬೇಕಾ, ಆದರೂ) ಕೊಯ್ಲಿನ ಹೊತ್ತಿಗೆ ಸುಲಿಯಲು ಕೂರು. ಈಗ ಮೆಷಿನ್ ಬಂದಿದೆ ನಿಜ, ಆದರೂ ಕೈ ಕೆಲಸ ಇದ್ದೇ ಇರುತ್ತದೆ. ಬೆರಳು ಕಪ್ಪಾಗುತ್ತದೆ, ಆಗಲಿ ಬಿಡು. ಬೇಯಿಸಿದ ಅಡಿಕೆ ಕಣದಲ್ಲಿ ಹರವಿರುವಾಗ ಮೋಡ ಕಂಡರೆ, ಕರೆಯುವ ಮೊದಲೇ ಎದ್ದು ಟಾರ್ಪಾಲು ಎಳಿ; ನೆನೆದರೆ ಬಣ್ಣ ಕೆಟ್ಟು ರೇಟು ಹೋಗುತ್ತದೆ. ಅಡಿಕೆ ಬೇಯಿಸುವ ಕೆಂಪು ರಸ, ಆ ಚೊಗರಿನ ಹಂಡೆಗೆ ಮಾತ್ರ ಕೈ ಹಾಕಬೇಡ, ಅದರ ಹದ ಚಿಕ್ಕಪ್ಪನಿಗೇ ಗೊತ್ತು.

ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ತೋಟದಲ್ಲಿ ಬೆಳೆಯದ್ದನ್ನು ತಂದು ಹಾಕು. ಎಣ್ಣೆ, ಟೀಪುಡಿ, ಬೇಳೆ. ದಾವಣಗೆರೆಗೆ ಬಂದಾಗ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ಒಯ್ದರೂ ಆಯಿತು. ಚಿಕ್ಕಮ್ಮ ಪಕ್ಕದ ಮನೆಗೆ ಏನಾದರೂ ಕೊಟ್ಟು ಬಾ ಅಂದರೆ ನೀನೇ ಹೋಗು. ಅವರು ಡಬ್ಬಿಯನ್ನು ಖಾಲಿ ಕೊಡುವುದಿಲ್ಲ, ನಾಲ್ಕು ನಿಂಬೆಹಣ್ಣೋ ಒಂದು ಹಿಡಿ ಸಕ್ಕರೆಯೋ ಹಾಕಿಯೇ ಕೊಡುತ್ತಾರೆ. ಅಲ್ಲಿ ಲೆಕ್ಕ ಅಂತ ಇದ್ದರೆ ಅಷ್ಟೇ.

ಜಾಸ್ತಿ ಬರೆದೆ ಅನ್ನಿಸುತ್ತದೆ. ಹಸಿವಿದ್ದಾಗ ಬಡಿಸಲು ಬಂದರೆ ಕೈ ಅಡ್ಡ ಹಿಡಿಯಬೇಡ, ಇದೊಂದು ಕೇಳು ಸಾಕು, ಉಳಿದದ್ದು ನಿನ್ನಿಷ್ಟ. ಮುಂದಿನ ವಾರ ಚಿಕ್ಕಮ್ಮ ನಮಗೆ ನುಗ್ಗೆಕಾಯಿ, ಬಾಳೆಹೂವು ಕಳಿಸುತ್ತಾಳಂತೆ. ಚೀಲ ಬಸ್ಸಿಗೆ ಹಾಕಿ ಫೋನ್ ಮಾಡು, ಸ್ಟ್ಯಾಂಡಿಗೆ ಬಂದು ತಗೊಳ್ಳುತ್ತೇನೆ. ಜಾಗ ಇದ್ದರೆ ಒಂದು ದಿಂಡೂ ಇರಲಿ.

ಇಂತಿ,
ನಿನ್ನ ದೊಡ್ಡಪ್ಪ