ಮಗಳಿಗೊಂದು ಪತ್ರ: ಅತ್ತ ಫೇಜು, ಇತ್ತ ಕರುಳು

ಪುಟ್ಟಿ,

ಸೆಮಿನಾರ್‌ಗೆ ಕ್ರಿಸ್ಪರ್ ತಗೊಂಡಿದೀನಿ ಅಂತ ಮೆಸೇಜ್ ಮಾಡಿದ್ಯಲ್ಲ, ಫೋನಲ್ಲಿ ಹೇಳೋಕೆ ಹೋದ್ರೆ "ಆಮೇಲೆ ಮಾಡ್ತೀನಮ್ಮಾ" ಅಂತ ಇಟ್ಬಿಡ್ತೀಯ, ಅದಕ್ಕೇ ಬರೀತಿದೀನಿ. ಮೊಸರಿನ ಬ್ಯಾಕ್ಟೀರಿಯಾ ಕಥೆ, ಅದೇ 2007ರಲ್ಲಿ ಡ್ಯಾನಿಸ್ಕೋ ಕಂಪನಿಯವ್ರು ತೋರ್ಸಿದ್ದು, ದಾಳಿ ಮಾಡಿದ ವೈರಸ್ಸಿನ ಡಿಎನ್ಎ ಚೂರನ್ನ ತನ್ನೊಳಗೆ ಸೇರಿಸ್ಕೊಂಡು ಮುಂದಿನ ಸಲ ಗುರುತು ಹಿಡಿದು ಕತ್ತರಿಸುತ್ತೆ, ಆ ಏರ್ಪಾಡೇ ಕ್ರಿಸ್ಪರ್ ಅನ್ನೋದು, ಅದನ್ನ ಎಲ್ರೂ ಹೇಳ್ತಾರೆ ಕಣೇ. ನೀನು ಕಾಲರಾ ಬ್ಯಾಕ್ಟೀರಿಯಾ ಕಥೆ ತಗೋ.

ಕಾಲರಾ ಬ್ಯಾಕ್ಟೀರಿಯಾಗೆ ಕಾಟ ಎರಡು ಕಡೆಯಿಂದ. ಒಂದು ನಮ್ಮ ಹೊಟ್ಟೆ, ಅಲ್ಲಿನ ಆಸಿಡ್ಡು, ಪಿತ್ತರಸ. ಇನ್ನೊಂದು ಫೇಜ್, ಬ್ಯಾಕ್ಟೀರಿಯಾನೇ ಕೊಲ್ಲೋ ವೈರಸ್. ಬಾಂಗ್ಲಾದೇಶದ ಕಾಲರಾ ರೋಗಿಗಳ ಭೇದಿಯಲ್ಲಿ ಐಸಿಪಿ1 ಅನ್ನೋ ಫೇಜ್ ಮತ್ತೆ ಮತ್ತೆ ಸಿಕ್ಕಿದೆ, ಅಂದ್ರೆ ಈ ಜಗಳ ನಡೆಯೋದು ಬರೀ ಲ್ಯಾಬ್ ಪ್ಲೇಟಲ್ಲಲ್ಲ, ಮನುಷ್ಯನ ಕರುಳಲ್ಲೇ.

ಈ ಫೇಜ್ ಬಂದು ಅಂಟೋದು ಬ್ಯಾಕ್ಟೀರಿಯಾ ಮೈಮೇಲಿರೋ ಓ1 ಅನ್ನೋ ಸಕ್ಕರೆ ಸರಪಳಿಗೆ. ಆ ಸರಪಳಿ ಕಟ್ಟೋಕೆ ಬೇಕಾದ ಎರಡು ಜೀನ್‌ಗಳಲ್ಲಿ ಎ ಎ ಎ ಎ ಅಂತ ಒಂದೇ ಡಿಎನ್ಎ ಅಕ್ಷರ ಸಾಲಾಗಿ ಬರುತ್ತೆ, ಕಾಪಿ ಆಗುವಾಗ ಅಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ಜೀನ್ ಆಫ್, ಮುಂದೆ ಯಾವತ್ತೋ ಇನ್ನೊಂದು ಸಲ ಜಾರಿದ್ರೆ ಮತ್ತೆ ಆನ್. ಆಫ್ ಆಗಿರೋ ಬ್ಯಾಕ್ಟೀರಿಯಾ ಮೈಮೇಲೆ ಸರಪಳಿ ಸರಿಯಾಗಿ ಇರಲ್ಲ, ಹಾಗಾಗಿ ಫೇಜ್ ಕೈಗೆ ಸಿಗಲ್ಲ. ಆದ್ರೆ ಅಂಥವನ್ನ ಇಲಿಮರಿಗಳಿಗೆ ಕೊಟ್ಟು ನೋಡಿದ್ರೆ ಕರುಳಲ್ಲಿ ನೆಲೆಯೂರೋಕೇ ಒದ್ದಾಡ್ತವೆ, ಅಲ್ಲಿ ಬದುಕೋಕೆ ಅದೇ ಓ1 ಬೇಕು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗೆ. (ಬ್ಯಾಕ್ಟೀರಿಯಾ ಯೋಚ್ನೆ ಮಾಡಿ ಬದಲಾಯ್ತು ಅಂತ ಮಾತ್ರ ಸ್ಲೈಡಲ್ಲಿ ಹಾಕ್ಬೇಡ, ಜಾರೋದು ಆಕಸ್ಮಿಕ, ಉಳ್ಕೊಂಡಿದ್ದು ಉಳ್ಕೊಳುತ್ತೆ ಅಷ್ಟೇ.)

ಸರಪಳಿ ಬಿಡೋಕಾಗಲ್ಲ ಅಂದ್ಮೇಲೆ ಒಳಗೇ ಏನಾದ್ರೂ ಏರ್ಪಾಡು ಬೇಕಲ್ಲ, ಅದು ಪಿಎಲ್ಇ ಅನ್ನೋ ಡಿಎನ್ಎ ತುಂಡು. ಐಸಿಪಿ1 ಒಳಗೆ ನುಗ್ಗಿದ ತಕ್ಷಣ ಇದು ಕ್ರೋಮೋಸೋಮಿಂದ ಕಳಚ್ಕೊಂಡು ಫೇಜ್ ಮರಿ ಮಾಡೋದನ್ನೇ ಕೆಡಿಸುತ್ತೆ. ಆ ಸೆಲ್ ಸಾಯುತ್ತೆ, ಆದ್ರೆ ಹೊಸ ಫೇಜ್ ಹೊರಗೆ ಬರಲ್ಲ, ಪಕ್ಕದವು ಬದುಕ್ತವೆ.

ಈಗ ಬರುತ್ತೆ ನೋಡು ನಿನ್ನ ಕ್ರಿಸ್ಪರ್. ಇಲ್ಲಿ ಅದು ಇರೋದು ಬ್ಯಾಕ್ಟೀರಿಯಾ ಹತ್ರ ಅಲ್ಲ, ವೈರಸ್ ಹತ್ರ! 2013ರಲ್ಲಿ ಕಿಂಬರ್ಲಿ ಸೀಡ್ ಅನ್ನೋ ವಿಜ್ಞಾನಿ ಮತ್ತೆ ಅವ್ರ ಜೊತೆಗಾರರು ತೋರ್ಸಿದ್ದು, ಐಸಿಪಿ1 ತನ್ನದೇ ಕ್ರಿಸ್ಪರ್ ಇಟ್ಕೊಂಡು ಪಿಎಲ್ಇನ ಕತ್ತರಿಸಿ ಹಾಕುತ್ತೆ. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋದು ಇದಕ್ಕೇ ಸರಿ. ಬ್ಯಾಕ್ಟೀರಿಯಾದಲ್ಲೂ ಬೇರೆ ಬೇರೆ ಥರದ ಪಿಎಲ್ಇ ಸಿಕ್ಕಿದಾವೆ.

ಇನ್ನೊಂದು ಮರೀಬೇಡ, ನಮಗೆ ಭೇದಿ ತರೋ ಆ ಟಾಕ್ಸಿನ್ ಜೀನ್ ಕೂಡ ಸಿಟಿಎಕ್ಸ್ ಅನ್ನೋ ಬೇರೊಂದು ಫೇಜ್ ತಂದುಕೊಟ್ಟಿದ್ದು, ಇದು ಗೊತ್ತಾಗಿದ್ದು 1996ರಲ್ಲಿ. ಹಾಗಾಗಿ "ಫೇಜ್ ಶತ್ರುನಾ ಮಿತ್ರನಾ" ಅಂತ ಯಾರಾದ್ರೂ ಕೇಳಿದ್ರೆ ಯಾವ ಫೇಜ್ ಅಂತ ತಿರುಗಿ ಕೇಳು.

ಸ್ಲೈಡ್ಸ್ ಆದ್ಮೇಲೆ ಕಳ್ಸು, ಓದ್ತೀನಿ.

ಅಮ್ಮ